ಚೀಟಿಯ ಮೇಲೆ ಮೂರಕ್ಷರ

ಆಂಟ್ವೆರ್ಪ್‌ನ ಹಳೆ ಬಂದರಿನ ಹಿಂದೆ, ಟ್ರಾಮು ಕಿರುಗುಟ್ಟಿ ಹೊರಳುವ ಮೂಲೆಯಲ್ಲಿ
ಲುಟ್‌ಗಾರ್ಡಳ ಅಂಗಡಿ. ಹೊಸದೇನೂ ಹೊಲಿಯುವುದಿಲ್ಲ ಇಲ್ಲಿ;
ಬಿಗಿಯಾದದ್ದನ್ನು ಸಡಿಲಿಸುವುದು, ಉದ್ದವಾದದ್ದನ್ನು ಮಡಿಚುವುದು,
ಹರಿದ ಬಟ್ಟೆಯ ಬಾಯಲ್ಲಿ ಹರಿದಿಲ್ಲವೆಂದು ಸುಳ್ಳು ಹೇಳಿಸುವುದು.

ಬಂದದ್ದಕ್ಕೆಲ್ಲ ಒಂದು ಚೀಟಿ, ಒಂದು ಗುಂಡುಸೂಜಿ.
ಆ ಕಪ್ಪು ಉಣ್ಣೆಯ ಲಂಗಕ್ಕೂ ಚುಚ್ಚಿದಳು:
ರೊಕ್.
ಅಷ್ಟೇ. ಫ್ಲೆಮಿಶರ ಬಾಯಲ್ಲಿ ಲಂಗಕ್ಕೆ ಹಾಗನ್ನುತ್ತಾರೆ.
ರೊಕ್ಕವಲ್ಲ. ರೊಕ್ಕ ಕೊಟ್ಟಿರಲಿಲ್ಲ ಆ ಗಿರಾಕಿ;
ಗುರುವಾರ ಬರುತ್ತೇನೆ ಎಂದು ಹೇಳಿ ಹೋಗಿದ್ದಳು.

ಮೊದಲ ಮಿಷನ್ನಿನ ಲ್ಯೆರ್ಕಾ, ಕಾರ್ಲೊವಾಟ್ಸಿನವಳು,
ಚೀಟಿ ಓದಿ ಎದೆ ಧಸಕ್ಕೆಂದಳು. ಅವಳ ಕ್ರೊಯೇಶಿಯನ್ನಿನಲ್ಲಿ
ರೊಕ್ ಎಂದರೆ ಗಡುವು, ವಾಯಿದೆ,
ಬ್ಯಾಂಕಿನ ಕಾಗದದ ಕೊನೆಯ ಸಾಲು.
ಊಟ ಬಿಟ್ಟು ಕೂತು, ಅಂಚು ಮಡಿಚಿ, ಬುಧವಾರವೇ ಮುಗಿಸಿಟ್ಟಳು.
ಗುರುವಾರ ಬಂತು. ಲಂಗದೊಡತಿ ಬರಲಿಲ್ಲ.

ಕೊಕ್ಕೆಯಲ್ಲಿ ತೂಗಿತು ಲಂಗ. ಅದರ ಪಕ್ಕದಲ್ಲೇ
ಚಳಿಗಾಲದ ಕೋಟುಗಳು ಬಂದು ಹೋದವು,
ಒಂದು ಮದುವೆಯ ಬಿಳಿ ನಿಲುವಂಗಿ, ಯಾರದೋ ತಾತನ ಸೂಟು.
ಮೊರಾವಿಯದ ಝ್ದೆಂಕಾ ಬೆರಳೆಣಿಸಿ ನಕ್ಕಳು:
'ಸರಿಯಾಗೇ ಬರೆದಿದ್ದಾಳಲ್ಲ ಯಜಮಾನಿ!
ನಮ್ಮ ಚೆಕ್ ಮಾತಲ್ಲಿ ರೊಕ್ ಅಂದರೆ ವರ್ಷ.
ಆಯಿತು ನೋಡು, ಇವತ್ತಿಗೆ ಒಂದು.'

ಇಸ್ತ್ರಿ ಮೇಜಿನ ರುಫೀನಾ ಮಾತ್ರ ಆ ಕೊಕ್ಕೆಯ ಕಡೆ ಸುಳಿಯಳು.
ಪ್ಸ್ಕೋವ್ ಸೀಮೆಯ ರಷ್ಯನ್ ಅವಳದು; ಅದರಲ್ಲಿ ರೊಕ್ ಎಂದರೆ ವಿಧಿ,
ಒಳ್ಳೆಯದಲ್ಲ, ಬಾಗಿಲು ತಟ್ಟದೆ ಒಳಬರುವಂಥದು.
'ಕಪ್ಪು ಬಟ್ಟೆಗೆ ಅಂಥ ಮಾತು ಚುಚ್ಚಬಾರದಿತ್ತು.'
ಪಾರ್ಸೆಲ್ಲಿನ ಹುಡುಗ ಇಣುಕಿ, ಚೀಟಿ ಓದಿ,
ಇಲ್ಲದ ಗಿಟಾರು ಬಾರಿಸುತ್ತ ಹೊರಟುಹೋದ.

ಮಂಜು ಕವಿದ ಒಂದು ಮಧ್ಯಾಹ್ನ, ಕಾಫಿಯ ಸುತ್ತ ಜಗಳ:
ಮೂವರ ರೊಕ್ಕೂ ಒಂದೇ ತಾಯ ಮಕ್ಕಳೇ, ಹೇಗೆ?
ಊರಲ್ಲಿ ಹತ್ತು ವರ್ಷ ವ್ಯಾಕರಣ ಕಲಿಸಿದ್ದ ರುಫೀನಾ
ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಹೇಳಿದಳು:
ಹಳೆಯ ಸ್ಲಾವ್ ಬೇರಿನಲ್ಲಿ ಅದು ಬರಿಯ 'ನುಡಿದದ್ದು'.
ಇಂಥ ದಿನ ಎಂದು ಬಾಯಿಬಿಟ್ಟು ಆಡಿದ ಮಾತು.
ಆಡಿದ ದಿನ ನಿನಗೆ ಗಡುವಾಯಿತು,
ಸುತ್ತಿ ಬಂದಾಗ ಅವಳಿಗೆ ವರ್ಷ,
ತಪ್ಪಿಸಿಕೊಳ್ಳಲು ದಾರಿ ಕಾಣದ ನಮಗೆ...
ಅಲ್ಲಿಗೆ ನಿಲ್ಲಿಸಿದಳು.
'ರೆಕ್ಲಾ' ಎಂದಳು ಲ್ಯೆರ್ಕಾ, 'ರ್ಝೆಕ್ಲಾ' ಎಂದಳು ಝ್ದೆಂಕಾ:
'ಹೇಳಿದಳು' ಎನ್ನುವುದನ್ನು ಇಬ್ಬರೂ ಒಮ್ಮೆಗೇ
ಹುಣಿಸೆಯ ಹಾಗೆ ನಾಲಿಗೆಯ ಮೇಲೆ ಹೊರಳಿಸಿ ನೋಡಿದರು.

ಲುಟ್‌ಗಾರ್ಡ್ ಕೈ ಕೊಡವಿದಳು. ಅವಳ ರೊಕ್ ಬೇರೆ ಮನೆತನದ್ದು,
ಇವರ ಸೂತಕ ಅದಕ್ಕೆ ತಟ್ಟುವುದಿಲ್ಲ.
'ನೂಲುವ ಕೋಲಿಗೆ ರೊಕೆನ್ ಅನ್ನುತ್ತಿದ್ದಳು ನನ್ನಜ್ಜಿ,
ಅಲ್ಲಿಂದಲೋ ಏನೋ. ಆ ಕಡೆಯ ಜರ್ಮನರು
ಅದನ್ನೇ ಗಂಡಸರಿಗೂ ತೊಡಿಸಿದ್ದರು, ಕೋಟೆಂದು.'

ನಾನು ಈ ಕವಿತೆ ಬರೆಯುವ ನುಡಿಯಲ್ಲಿ
ವಿಧಿ ಬರೆಯುತ್ತದೆ, ಹಣೆಯ ಮೇಲೆ,
ಕನ್ನಡಿ ಹಿಡಿದರೂ ಓದಲು ಬರುವುದಿಲ್ಲ.
ಅವರಲ್ಲಿ ಅದು ಹೇಳಿಬಿಡುತ್ತದೆ.
ಯಾವುದು ವಾಸಿ, ತಿಳಿಯದು.

ಹದಿನಾಲ್ಕನೆಯ ತಿಂಗಳು, ಗುರುವಾರವೂ ಅಲ್ಲ, ಸೋಮವಾರ,
ಬಂದಳು. ಕೈಯಲ್ಲಿ ಊರುಗೋಲು, ಮೈ ಅರ್ಧಕ್ಕಿಳಿದಿದೆ.
'ಬರುತ್ತೇನೆ ಅಂದಿದ್ದೆನಲ್ಲ.'
ಎಲ್ಲಿದ್ದೆ ಎಂದು ಯಾರೂ ಕೇಳಲಿಲ್ಲ.
ರುಫೀನಾ ಮೊದಲ ಸಲ ಆ ಕೊಕ್ಕೆಗೆ ಕೈಹಾಕಿದಳು.
ಲ್ಯೆರ್ಕಾ ಬ್ಲೇಡು ಹುಡುಕಿ ಹೊಲಿಗೆ ಬಿಚ್ಚತೊಡಗಿದಳು,
ಸೊಂಟ ನಾಲ್ಕು ಬೆರಳು ಒಳಕ್ಕೆ ಹೋಗಬೇಕು.

'ಯಾವಾಗ ಬರಲಿ?'
ಲುಟ್‌ಗಾರ್ಡ್ ಹೊಸ ಚೀಟಿ ತೆಗೆದಳು, ಪೆನ್ನು ಹಿಡಿದಳು,
ಮೂವರ ಮುಖವನ್ನೂ ಒಮ್ಮೆ ನೋಡಿದಳು.
ಆಮೇಲೆ, ಬೇರೆ ಮಾತು ಗೊತ್ತಿಲ್ಲದ್ದರಿಂದ,
ಅದನ್ನೇ ಬರೆದಳು.